ಕಾಲುಚೀಲ ತೊಟ್ಟ ಅಂಬರಗುಬ್ಬಿ

ಹಕ್ಕಿ ನೋಡುವ ಗಂಡನನ್ನು ಕಟ್ಟಿಕೊಂಡವಳು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ನಮ್ಮ ಮನೆಯ ದಾರಿ ಕಲಿತುಬಿಟ್ಟಿದೆ, ಆಗಾಗ ಬಂದು ಹೋಗುತ್ತಿರುತ್ತದೆ.

ನಮ್ಮ ಯಜಮಾನರು ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದವರು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ಎಂದು ಸುತ್ತಿ ಕೊನೆಗೆ ಶ್ರೀರಂಗಪಟ್ಟಣದಲ್ಲಿ ನಿವೃತ್ತರಾಗಿ ಅಲ್ಲೇ ನೆಲೆ ನಿಂತರು. ಎಲ್ಲ ಊರಲ್ಲೂ ದನದ ಬಾಲದ ಹತ್ತಿರ ನಿಂತು ಆಕಾಶ ನೋಡಿದವರೇ. ಪಾಂಡವಪುರದಲ್ಲಿ ಒಮ್ಮೆ ಕರು ಅಡ್ಡ ಸಿಕ್ಕಿಕೊಂಡಿದ್ದ ಹಸುವಿನೊಳಗೆ ಮೊಣಕೈವರೆಗೆ ಕೈ ಹಾಕಿಕೊಂಡು, "ಸುಮ್ಕಿರ್ರಿ, ಮರಕುಟಿಗ ಕೂತದೆ" ಎಂದರಂತೆ. ಹಸುವಿನ ಒಡೆಯ ಹೆದರಿ, "ಒಳಗಾ ಸ್ವಾಮಿ?" ಎಂದನಂತೆ.

ಇವರ ಗುಣ ನನಗೆ ಮದುವೆಯ ದಿನವೇ ಗೊತ್ತಾಗಿತ್ತು. ಹಾರ ಬದಲಾಯಿಸುವ ಹೊತ್ತಿಗೆ ಚಪ್ಪರದ ಸಂದಿಯಲ್ಲಿ ಏನೋ ಹಾರಿತು. ಇವರು ಮೇಲೆ ನೋಡುತ್ತಲೇ ಹಾರ ಹಾಕಿದರು. ಅದು ನನ್ನ ಪಕ್ಕದಲ್ಲಿದ್ದ ಸೋದರಮಾವನ ಕೊರಳಿಗೆ ಬಿತ್ತು. ಮಾವ ನಾಚಿಕೊಂಡು ಅದನ್ನು ತೆಗೆದರು, ಅತ್ತೆ ಇಸಕೊಂಡು ನನ್ನ ಕೊರಳಿಗೆ ಹಾಕಿದರು. ಹಾಗೆ ನೋಡಿದರೆ ಇವರು ನನಗೆ ಹಾರ ಹಾಕಿಯೇ ಇಲ್ಲ.

ಬೂಕನಕೆರೆಯ ತಿಪ್ಪೆಗುಂಡಿ

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಬೂಕನಕೆರೆಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿಸಿ ಎಲ್ಲರೂ ಕೈ ತೊಳೆಯಲು ಹಿತ್ತಲಿಗೆ ಹೋದರು. ಇವರೂ ಎಂಜಲು ಕೈಯನ್ನು ಮುಂದೆ ಹಿಡಿದುಕೊಂಡು ಹೊರಟರು. ತಲೆಯ ಮೇಲೆ ಯಾವುದೋ ಹದ್ದು ತೇಲಿಕೊಂಡು ಬಂತು. ಇವರ ಕಣ್ಣು ಅದರ ಹಿಂದೆ, ಕಾಲು ಕಣ್ಣಿನ ಹಿಂದೆ. ಹಾಗೇ ಹೋಗಿ ತಿಪ್ಪೆಗುಂಡಿಗೆ ಬಿದ್ದರು.

ಜನ ಓಡಿಬಂದು, "ಏಟಾಯ್ತಾ ಡಾಕ್ಟ್ರೇ?" ಎಂದು ಕೇಳಿದರೆ, ಇವರು ಗುಂಡಿಯೊಳಗಿಂದಲೇ ಬೆರಳು ತೋರಿಸಿ, "ಆ ತೆಂಗಿನ್ಮರ ದಾಟ್ತಾ ನೋಡಿ" ಎಂದರು.

ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಬಿತ್ತು. ಕಾಲು ನೆಲಕ್ಕೆ ಊರಕೂಡದು, ಮೆಟ್ಟಿಲು ಇಳಿಯಲೇಕೂಡದು ಎಂದು ಡಾಕ್ಟರು ಗದರಿಸಿ ಕಳಿಸಿದರು. ನಮ್ಮದು ಮಹಡಿಯ ಮೇಲಿನ ಮನೆ. ಆಕಾಶ ಬಿಟ್ಟು ಇರಲಾರದ ಮನುಷ್ಯನಿಗೆ ಒಂದು ಕಿಟಕಿಯಷ್ಟು ಆಕಾಶ ಉಳಿಯಿತು. ಅದರಲ್ಲೂ ಅರ್ಧಕ್ಕೆ ಎದುರುಮನೆಯ ನೀರಿನ ಟ್ಯಾಂಕು ಅಡ್ಡ.

ಗೃಹಪ್ರವೇಶದ ನೆಂಟರು ಹಣ್ಣು ತೆಗೆದುಕೊಂಡು ನೋಡಲು ಬಂದರು. ತಮ್ಮ ಮನೆಯಲ್ಲೇ ಹೀಗಾಯಿತಲ್ಲ ಎಂದು ಅವರಿಗೆ ಬೇಜಾರು. ಮಾತಿಗೆ ಮಾತು ಬಂದು, "ಇಷ್ಟ್ ಏಟ್ ತಿಂದ್ರಲ್ಲ, ಅದ್ಯಾವ್ ಹಕ್ಕಿ?" ಎಂದು ಕೇಳಿದರು.

"ಅದೇ ಗೊತ್ತಾಗ್ನಿಲ್ಲ ಕಣಯ್ಯ. ಗುರ್ತು ಹಿಡಿಯೋಷ್ಟ್ರಲ್ಲಿ ಬಿದ್ಬುಟ್ಟೆ" ಎಂದರು ಇವರು.

ಹಾಲಿನವರ ಮುಂದೆ ಸೊಂಟದ ವಿಚಾರ

ಸಕ್ಕರೆ ಕಾಯಿಲೆಯ ದೆಸೆಯಿಂದ ನಾನು ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗುವವಳು. ಪಕ್ಕದ ಮನೆಯ ಅಕ್ಕಸಾಲಿಗರ ಹೆಂಡತಿ ನನ್ನ ಜೊತೆಗಾತಿ. ಒಂದು ದಿನ ಹೊರಡುವಾಗ ಇವರು ಕರೆದು, ತಮ್ಮ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು. "ನಾನಂತೂ ಓಗಂಗಿಲ್ಲ. ಏನ್ ಕಾಣ್ತದೋ ನೋಡ್ಕಂಡ್ ಬಂದ್ ಹೇಳು" ಎಂದರು. ಆ ದುರ್ಬೀನನ್ನು ಅಲ್ಲಿಯವರೆಗೆ ಒರೆಸುವುದಕ್ಕೂ ನನಗೆ ಕೊಟ್ಟವರಲ್ಲ. ನನಗೆ ಒಂಥರಾ ಆಯಿತು, ಇಲ್ಲ ಅನ್ನಲಾಗಲಿಲ್ಲ.

ಅಕ್ಕಸಾಲಿಗರ ಹೆಂಡತಿ ಅದನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟ್ ತೂಕದ್ ಒಡ್ವೆ ನಮ್ ಅಂಗ್ಡೀಲೂ ಮಾಡಿಲ್ಲ ಕಣಕ್ಕ" ಎಂದಳು.

ಪಾರ್ಕಿನ ಮೇಲೆ ಚಳಿಗಾಲದಲ್ಲಿ ಅಂಬರಗುಬ್ಬಿಗಳು ಬರುತ್ತವೆ. ಗುಬ್ಬಿಗಿಂತ ತೆಳ್ಳಗೆ, ಬಾಲ ಕತ್ತರಿಯಂತೆ ಕವಲು, ಹಾರುತ್ತಲೇ ಹುಳ ಹಿಡಿಯುವ ಹಕ್ಕಿ. ಅವು ಬಂದಿರುವುದು ನನಗೆ ಗೊತ್ತಾಗುವುದು ಗಂಡನಿಂದಲ್ಲ, ಒಣಹಾಕಿದ ಬಟ್ಟೆಯ ಮೇಲೆ ಬಿದ್ದ ಹಿಕ್ಕೆಯಿಂದ. ಆ ದಿನ ನೋಡುತ್ತಾ ನಿಂತಾಗ, ಗುಂಪಿನಲ್ಲಿ ಒಂದು ಬೇರೆಯಾಗಿ ಕಂಡಿತು. ಮನೆಗೆ ಬಂದು ವರದಿ ಒಪ್ಪಿಸಿದೆ.

"ಒಂದು ಮಾತ್ರ ಬ್ಯಾರೆ ತರ ಅದೆ. ಮ್ಯಾಲೆ ಕರಿ ಕೋಟು, ಕೆಳ್ಗೆ ಎಲ್ಲಾ ಬಿಳಿ. ಕೋರ್ಟಿಗ್ ಹೊಂಟ ಲಾಯರ್ ತರ."

"ಲಾಯರ್ ವಿಷ್ಯ ಬುಡು. ಸೊಂಟ ಎಂಗದೆ?"

ಸರಿಯಾಗಿ ಆ ಹೊತ್ತಿಗೆ ಕಿರಂಗೂರಿನ ಹಾಲಿನವರು ಬಾಗಿಲಲ್ಲಿ ಹಾಲು ಅಳೆಯುತ್ತಿದ್ದರು. ಇವರು ಅವರ ಎಮ್ಮೆಯನ್ನು ಒಮ್ಮೆ ಬದುಕಿಸಿಕೊಟ್ಟಿದ್ದರಿಂದ, ತಾವೇ ಮೆಟ್ಟಿಲು ಹತ್ತಿ ಹಾಲು ತಂದುಕೊಡುವ ದೊಡ್ಡ ಮನುಷ್ಯ. ಅವರಿಗೆ ಹಕ್ಕಿಯ ಮಾತೆಂದು ಗೊತ್ತಿಲ್ಲ.

"ಸೊಂಟ ಬೆಳ್ಳಗದೆ" ಎಂದೆ.

"ಪೂರ್ತಿನಾ? ನೀನೇ ಕಣ್ಣಾರೆ ಕಂಡ್ಯಾ?"

"ತಿರುಗ್ದಾಗ ಚೆನ್ನಾಗ್ ಕಾಣ್ತು. ನಂಗಿಂತ ಸಣ್ಣಕದೆ."

ಹಾಲಿನವರು ಅಳತೆ ತಪ್ಪಿ ಒಂದು ಲೋಟ ಹೆಚ್ಚಿಗೆ ಸುರಿದು, ತಲೆ ತಗ್ಗಿಸಿಕೊಂಡು ಇಳಿದು ಹೋದರು.

ಇವರು ಮಾತ್ರ ಕೈ ಝಾಡಿಸಿಬಿಟ್ಟರು. "ಅದು ಅಂಬರಗುಬ್ಬಿ ಅಲ್ಲ, ಬಾನಾಡಿ ಅನ್ನೋ ಬ್ಯಾರೆ ಹಕ್ಕಿ. ಹಳೇ ಸೇತ್ವೆ ಕೆಳ್ಗೆ ರಾಶಿ ಅವೆ. ಅದಕ್ಕೂ ಸೊಂಟ ಬಿಳೀನೆ."

"ಹೊಟ್ಟೇನೂ ಬಿಳಿ ಅಂತಾ ಇದ್ದೀನಲ್ಲ."

"ಬಿಸ್ಲಿಗೆ ಅಂಗ್ ಕಂಡಿರ್ತದೆ. ಬಾನಾಡಿ ಕಾಲಲ್ಲಿ ಶಕ್ತಿ ಇಲ್ಲ, ತಂತಿ ಮ್ಯಾಲೆ ಕೂರಾಕೇ ಬರಲ್ಲ. ನಿನ್ ಲಾಯರು ತಂತಿ ಮ್ಯಾಲೆ ಕೂತ್ರೆ ಬಂದ್ ಹೇಳು, ಒಪ್ಕೋತೀನಿ."

ಮಾರನೆಯ ದಿನ ಹಾಲು ತಂದುಕೊಟ್ಟದ್ದು ಹಾಲಿನವರ ಹೆಂಡತಿ. ಪಾತ್ರೆಗೆ ಹಾಲು ಹಾಕುವುದಕ್ಕೆ ಮೊದಲು ನನ್ನ ಸೊಂಟವನ್ನು ಒಮ್ಮೆ ನೋಡಿದಳು.

ಲೈನ್‌ಮ್ಯಾನ್ ಕಂಡದ್ದು

ಅಲ್ಲಿಂದ ನಮ್ಮ ವಾಕಿಂಗ್ ನಿಂತು, ನಿಂತುಕೊಳ್ಳುವುದು ಶುರುವಾಯಿತು. ಪಾರ್ಕಿನ ಅಂಚಿನಲ್ಲಿ ಹೋಗುವ ಕರೆಂಟ್ ತಂತಿಯನ್ನೇ ನೋಡುತ್ತಾ ನಾನು, ನನ್ನನ್ನು ನೋಡುತ್ತಾ ಅಕ್ಕಸಾಲಿಗರ ಹೆಂಡತಿ. ಇಬ್ಬರು ಹೆಂಗಸರು ಕತ್ತೆತ್ತಿ ನಿಂತರೆ ನಮ್ಮ ಊರಲ್ಲಿ ಮೂರನೆಯವರು ಸುಮ್ಮನೆ ದಾಟಿ ಹೋಗುವುದಿಲ್ಲ. ನೋಡನೋಡುತ್ತ ಗುಂಪು ಸೇರಿತು. ಕಬ್ಬಿನ ಗದ್ದೆಗಳ ಕಡೆಯಿಂದ ಚಿರತೆ ಬಂದಿರಬೇಕೆಂದು ಒಬ್ಬರು ಹೇಳಿದರು. ಚಿರತೆ ತಂತಿಯ ಮೇಲೆ ಯಾಕೆ ಕೂರುತ್ತದೆ ಎಂದು ಯಾರೂ ಕೇಳಲಿಲ್ಲ, ಅರ್ಧ ಜನ ಗೇಟಿನ ಆಚೆ ಹೋಗಿ ನಿಂತರು. ಇನ್ನೊಬ್ಬ ಪುಣ್ಯಾತ್ಮ ತಂತಿ ಕಿತ್ತು ಬೀಳುತ್ತಿದೆ ಎಂದು ಲೈನ್‌ಮ್ಯಾನ್‌ಗೆ ಫೋನ್ ಮಾಡಿದ.

ಆತ ಏಣಿ ಹೊತ್ತುಕೊಂಡು ಗೇಟಿನೊಳಗೆ ಕಾಲಿಡುವುದಕ್ಕೂ, ಆ ಹಕ್ಕಿ ಬಂದು ತಂತಿಯ ಮೇಲೆ ಕೂರುವುದಕ್ಕೂ ಸರಿಹೋಯಿತು. ಕೂತಿತು. ರೆಕ್ಕೆ ಮಡಚಿಕೊಂಡು, ನೆಂಟರ ಮನೆಗೆ ಬಂದ ಹಾಗೆ ಸಮಾಧಾನವಾಗಿ ಕೂತಿತು. ದುರ್ಬೀನಿನಲ್ಲಿ ನೋಡಿದೆ. ಬೆನ್ನು ಕಪ್ಪುನೀಲಿ, ಹೊಟ್ಟೆ ಹಾಲಿನಂತೆ ಬಿಳಿ, ಮತ್ತೆ ಕಾಲು.

"ಏಣಿ ಇಡ್ಬೇಡಪ್ಪ, ಅಲ್ಲೇ ನಿಂತ್ಕೊ" ಎಂದೆ.

"ಫೋನ್ ಮಾಡೋರೂ ನೀವೇ, ಬ್ಯಾಡ ಅನ್ನೋರೂ ನೀವೇ" ಎಂದು ಆತ ಸಿಡುಕಿದ. ಪಾಪ, ಏಣಿ ಹೊತ್ತು ಬಂದಿದ್ದಾನೆ, ಅವನೂ ನೋಡಲಿ ಎಂದು ದುರ್ಬೀನು ಕೊಟ್ಟೆ. ಆ ಕಡೆಯಿಂದ ಈ ಕಡೆಯವರೆಗೆ ನಿಧಾನವಾಗಿ ನೋಡಿ ವಾಪಸ್ ಕೊಟ್ಟ.

"ತಂತಿ ಗಟ್ಟಿಯಾಗೇ ಅದೆ ಕಣಮ್ಮ. ಒಂದು ಹಕ್ಕಿ ಅಡ್ಡ ಕೂತದೆ, ಅಷ್ಟೇಯ."

ಯಾರಿಗೂ ಹೇಳಬೇಡ

ಮನೆಗೆ ಓಡಿಬಂದು ಏದುಸಿರಿನಲ್ಲೇ ಹೇಳಿದೆ. "ತಂತಿ ಮ್ಯಾಲೆ ಕೂತಿತ್ತು. ಕಾಲಿಗೆ ಬಿಳಿ ಕಾಲ್ಚೀಲ ಹಾಕ್ಕಂಡಂಗದೆ. ಬೆರಳಿನ್ ತನಕ ಪುಕ್ಕ."

ಇವರು ಕಾಫಿ ಲೋಟ ಕೆಳಗಿಟ್ಟರು. ಕಾಲುಚೀಲದ ಸುದ್ದಿಯನ್ನು ನಾನು ಕಟ್ಟಿ ಹೇಳಲಾರೆ ಎಂದು ಅವರಿಗೆ ಗೊತ್ತು. ಆಮೇಲೆ ಮೆಲ್ಲಗೆ ಹೇಳಿದರು. ಅದು ಹಿಮಾಲಯದ ಆಚೆಗಿನ ಶೀತದೇಶಗಳ ಅಂಬರಗುಬ್ಬಿಯಂತೆ. ಅಲ್ಲಿ ಮನೆಗಳ ಸೂರಿನ ಕೆಳಗೆ ಮಣ್ಣಿನ ಗೂಡು ಕಟ್ಟುತ್ತದಂತೆ. ನಮ್ಮ ಸೀಮೆಯಲ್ಲಿ ಕಾಣುವುದು ಬಹಳ ಅಪರೂಪ, ದಾರಿ ತಪ್ಪಿ ಬಂದರುಂಟು. ಬಂದರೂ ಎಲ್ಲೋ ಮೋಡದ ಹತ್ತಿರ ಹಾದುಹೋಗುತ್ತದೆಯೇ ಹೊರತು ಹೀಗೆ ಕೆಳಗಿಳಿದು ಕೂರುವುದಿಲ್ಲವಂತೆ.

"ಸರ್ವೀಸ್ ಪೂರಾ ಇದನ್ನ ಹುಡುಕ್ದೆ. ನಾಗಮಂಗಲದಲ್ಲಿ ನೋಡ್ದೆ, ಪೇಟೇಲಿ ನೋಡ್ದೆ. ಈಗ ನಮ್ ಮನೆ ಪಕ್ಕಕ್ಕೇ ಬಂದ್ ಕೂತದೆ, ನನ್ ಕಾಲ್ ನೋಡು" ಎಂದು ಪ್ಲಾಸ್ಟರ್ ಮೇಲೆ ಒಂದು ಏಟು ಹಾಕಿದರು. ದಾರಿಹೋಕ ಹಕ್ಕಿ, ನಾಳೆ ಇರುತ್ತದೋ ಇಲ್ಲವೋ. ನನಗೆ ಸಂಕಟವಾಯಿತು. ಹಕ್ಕಿಯನ್ನೇನು, ಅದರ ತಂತಿ ಸಮೇತ ತಂದು ಕಿಟಕಿಗೆ ಕಟ್ಟೋಣ ಅನ್ನಿಸಿತು.

"ಯಾರ್ಗೂ ಹೇಳ್ಬ್ಯಾಡ, ಅದ್ರಲ್ಲೂ ನಾಗಮಂಗಲದವ್ನಿಗೆ" ಎಂದು ಆಣೆ ಹಾಕಿಸಿಕೊಂಡರು. ನಾಗಮಂಗಲದವರೆಂದರೆ ಒಬ್ಬ ನಿವೃತ್ತ ಹೆಡ್‌ಮಾಸ್ತರು, ಇವರ ಜೀವದ ಗೆಳೆಯರು. ಇಬ್ಬರಿಗೂ ಹಕ್ಕಿಯ ಹುಚ್ಚು. ಯಾರು ಯಾವುದನ್ನು ಮೊದಲು ಕಂಡರು ಎನ್ನುವುದರಲ್ಲಿ ಮಾತ್ರ ಗದ್ದೆ ಬದುವಿನ ಜಗಳದಂಥ ಜಗಳ.

ನಾನು ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕುವಷ್ಟರಲ್ಲಿ ಇವರ ದನಿ ಕೇಳಿಸಿತು. ಫೋನಿನಲ್ಲಿ ಅದೇ ಗೆಳೆಯರಿಗೆ ಹೇಳುತ್ತಿದ್ದಾರೆ, "ನಿಂಗೆ ಇವತ್ತು ನಿದ್ದೆ ಬರಾಕಿಲ್ಲ ಕಣ್ಲಾ, ಏನ್ ಬಂದದೆ ಗೊತ್ತಾ ನಮ್ ಪಾರ್ಕಿಗೆ?"

ಹೇಳಿ ಮುಗಿಸಿ ಬೀಗುತ್ತಾ ಕೂತಿದ್ದವರ ಮುಖ ಇದ್ದಕ್ಕಿದ್ದಂತೆ ಸಪ್ಪಗಾಯಿತು. ಆ ಗೆಳೆಯರು ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತಾರಂತೆ.

"ನೋಡ್ದ್ಯಾ, ನನ್ಗಿಂತ ಮೊದ್ಲು ಅವ್ನು ನೋಡ್ಬುಡ್ತಾನೆ. ಅವನಿಗ್ ಹೇಳ್ದೋರ್ ಯಾರು?" ಎಂದು ನನ್ನನ್ನೇ ಕೇಳಿದರು.

ಟ್ರಾಕ್ಟರ್ ಸವಾರಿ

ಸಂಜೆ ಅಕ್ಕಸಾಲಿಗರ ಮನೆಯಲ್ಲಿ ಸಭೆ ಸೇರಿತು. ಕಾಲು ನೆಲಕ್ಕೆ ಊರಕೂಡದು ಎಂದಿದ್ದಾರೆ ಡಾಕ್ಟರು, ಎತ್ತಿಕೊಂಡು ಹೋಗಕೂಡದು ಎಂದಿಲ್ಲವಲ್ಲ ಎಂದೆ ನಾನು. ಹಾಲಿನವರಿಗೆ ಸೊಂಟದ ವಿಚಾರ ಬಿಡಿಸಿ ಹೇಳಿದ ಮೇಲೆ ಅವರಿಗೆ ಜೀವ ಬಂತು. "ನಮ್ ಎಮ್ಮೆ ಎತ್ತಿ ನಿಲ್ಸಿದ್ ದೇವ್ರು ಅವ್ರು, ನಾನು ಅವ್ರನ್ನ ಎತ್ತಕ್ಕಿಲ್ವಾ?" ಎಂದು, ಬೆಳಗಾಗುತ್ತಲೇ ಟ್ರಾಕ್ಟರ್ ತಂದು ನಿಲ್ಲಿಸಿದರು. ಟ್ರೈಲರಿನಲ್ಲಿ ದಪ್ಪಗೆ ಭತ್ತದ ಹುಲ್ಲು ಹರಡಿದ್ದರು.

ಹಾಲಿನವರು, ಅಕ್ಕಸಾಲಿಗರು, ಕರೆದ ಕೂಡಲೇ ಬಂದ ಲೈನ್‌ಮ್ಯಾನ್ ಸೇರಿ ಕುರ್ಚಿ ಸಮೇತ ಇಳಿಸಿ, ಹುಲ್ಲಿನ ಮೇಲೆ ಮಲಗಿಸಿದರು. ಚಳಿ ಇತ್ತೆಂದು ನಾನು ಬಿಳಿಯ ದುಪ್ಪಟಿ ಹೊದಿಸಿದೆ. ಗಾಳಿಗೆ ಕಿವಿನೋವು ಬರಬಾರದೆಂದು ಎರಡೂ ಕಿವಿಗೆ ಹತ್ತಿ ಇಟ್ಟೆ. ಬೆಳಕಿಗೆ ಕಣ್ಣು ಕುಕ್ಕುತ್ತದೆ ಎಂದು ಇವರೇ ದುಪ್ಪಟಿಯನ್ನು ಮುಖದವರೆಗೆ ಎಳೆದುಕೊಂಡರು. ಕಾಲು ಕುಲುಕಬಾರದೆಂದು ಟ್ರಾಕ್ಟರ್ ನಡಿಗೆಯ ವೇಗದಲ್ಲಿ ಹೊರಟಿತು. ಹಿಂದೆ ನಾವೆಲ್ಲ ನಡೆದೆವು. ಹಕ್ಕಿ ಇರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದುದರಿಂದ ನನ್ನ ಮುಖವೂ ನಗುವಂತಿರಲಿಲ್ಲ. ಅಕ್ಕಸಾಲಿಗರ ಹೆಂಡತಿ ಕಾಫಿಯ ತಾಮ್ರದ ಚೊಂಬನ್ನು ಬಟ್ಟೆಯಲ್ಲಿ ಮುಚ್ಚಿ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ನಡೆದಳು.

ಮನೆಯೊಳಗಿದ್ದಾಗ ಇದರಲ್ಲಿ ಒಂದೂ ತಪ್ಪಾಗಿ ಕಂಡಿರಲಿಲ್ಲ. ಬೀದಿಗೆ ಬಂದ ಮೇಲೆ ಜನ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಲ್ಲತೊಡಗಿದರು. ಟೀ ಅಂಗಡಿಯವನು ರೇಡಿಯೋ ಆರಿಸಿದ. ಗುರುತಿನವರು ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಹಿಂದೆ ಸೇರಿಕೊಂಡರು. ಹೂವಿನವಳು ಓಡಿಬಂದು, "ಎಷ್ಟ್ ಒಳ್ಳೇ ಮನ್ಸ, ನಮ್ ಮೇಕೆಗೆ ಔಸ್ತಿ ಕೊಟ್ಟಿದ್ರು" ಎಂದು ಕಣ್ಣೊರೆಸಿಕೊಂಡು ಒಂದು ದೊಡ್ಡ ಸೇವಂತಿಗೆ ಹಾರವನ್ನು ಟ್ರೈಲರಿನ ಅಂಚಿಗೆ ಇಟ್ಟಳು. ನನಗೆ ಆಗ ವಿಷಯ ಹೊಳೆಯಿತು. ಆದರೆ ಬಾಯಿ ಬಿಟ್ಟು ಹೇಳುವುದಾದರೂ ಹೇಗೆ?

ನಮ್ಮ ಊರಿಗೆ ದಿನಾ ಎಲ್ಲೆಲ್ಲಿಂದಲೋ ಜನ ಕಾವೇರಿಗೆ ಅಸ್ಥಿ ಬಿಡಲು ಬರುತ್ತಾರೆ. ಆ ಕರ್ಮ ಮಾಡಿಸುವ ಪುರೋಹಿತರೊಬ್ಬರು ಸ್ಕೂಟರಿನಲ್ಲಿ ಎದುರು ಬಂದು, ಪಾರ್ಕಿನ ಗೇಟಿನ ಹತ್ತಿರ ಟ್ರಾಕ್ಟರ್ ನಿಲ್ಲಿಸಿದರು. ಹಾಲಿನವರ ಕಡೆ ನೋಡಿ, "ಯಾವ ಕಡೆ? ಪಶ್ಚಿಮವಾಹಿನಿಗೋ, ಸಂಗಮಕ್ಕೋ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಪಾರ್ಕಿಗೆ ಸ್ವಾಮಿ" ಎಂದರು ಹಾಲಿನವರು.

"ಪಾರ್ಕಿನಲ್ಲಿ ಮಾಡುವ ಹಾಗಿಲ್ಲವಪ್ಪ. ಶಾಸ್ತ್ರದಲ್ಲೂ ಇಲ್ಲ, ಪುರಸಭೆಯವರೂ ಬಿಡುವುದಿಲ್ಲ" ಎನ್ನುತ್ತಾ ಪುರೋಹಿತರು ಟ್ರೈಲರಿಗೆ ಬಗ್ಗಿ, ಮುಖ ನೋಡಲೆಂದು ದುಪ್ಪಟಿ ಸರಿಸಿದರು.

ನಮ್ಮ ಯಜಮಾನರು ಕಣ್ಣು ಕಿರಿದು ಮಾಡಿ ಅವರನ್ನು ನೋಡಿದರು.

"ಸ್ವಾಮಿ, ವಸಿ ಪಕ್ಕಕ್ ನಿಂತ್ಕಳಿ. ಆಕಾಶಕ್ಕೆ ಅಡ್ಡ ಬತ್ತಾ ಇದೀರಿ."

ಪುರೋಹಿತರು ಹಿಂದಕ್ಕೆ ನೆಗೆದ ನೆಗೆತಕ್ಕೆ ಅವರ ಸ್ಕೂಟರೇ ಬಿದ್ದುಹೋಯಿತು.

ತಂತಿಯ ಮೇಲೆ

ಟ್ರೈಲರನ್ನು ತಂತಿಯ ಎದುರಿಗೆ ನಿಲ್ಲಿಸಿ, ಇವರನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಸಾವಿಗೆಂದು ಬಂದವರು ಯಾರೂ ವಾಪಸ್ ಹೋಗಲಿಲ್ಲ. ಬಂದದ್ದಾಯಿತು, ಅದೇನೆಂದು ನೋಡಿಯೇ ಹೋಗೋಣ ಎಂದು ಸುತ್ತ ನಿಂತರು. ಪುರೋಹಿತರೂ ಪಂಚೆ ಕೊಡವಿಕೊಂಡು ನಿಂತರು.

ತಂತಿ ಖಾಲಿ ಇತ್ತು.

ಅಂಬರಗುಬ್ಬಿಗಳೇನೋ ಬಂದವು. ದುರ್ಬೀನು ಹಿಡಿದ ಇವರು ಒಂದೊಂದನ್ನೂ ನೋಡಿ, "ಇದಲ್ಲ" ಎಂದರು. ಬಿಸಿಲೇರಿತು. ನಾಗಮಂಗಲದ ಗೆಳೆಯರು ಬಸ್ಸಿಳಿದು ಓಡೋಡಿ ಬಂದರು. ನಮ್ಮ ಮುಖಗಳನ್ನು ನೋಡಿ ಅವರಿಗೆ ಎಲ್ಲ ಅರ್ಥವಾಯಿತು. ಆ ಮನುಷ್ಯನ ದೊಡ್ಡ ಗುಣ ಹೇಳಲೇಬೇಕು. ಒಂದು ಮಾತಿನಿಂದಲೂ ಚುಚ್ಚದೆ, ತಮ್ಮ ದುರ್ಬೀನನ್ನು ಚೀಲದಿಂದ ತೆಗೆಯದೆ, ಹುಲ್ಲಿನ ಮೇಲೆ ಇವರ ಪಕ್ಕ ಹತ್ತಿ ಕೂತರು. "ನೀನ್ ನೋಡೋಗಂಟ ನಾನ್ ನೋಡಾಕಿಲ್ಲ ಕಣ್ಲಾ" ಎಂದರು.

ಇವರು ದುರ್ಬೀನು ಇಳಿಸಿ, "ಓಯ್ತು ಅನ್ನಿಸ್ತದೆ, ಬುಡು. ನೀನಾದ್ರೂ ಕಂಡ್ಯಲ್ಲ, ಅಷ್ಟೇ ಸಾಕು" ಎಂದು ನನಗೆ ಹೇಳಿದರು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದ್ದರಿಂದ ಅಳು ಬಂತು. ಅಳು ಕಾಣಬಾರದೆಂದು ಮುಖ ಮೇಲೆತ್ತಿದೆ. ತಲೆಯ ಮೇಲೆಯೇ ಒಂದು ಹಕ್ಕಿ ತಿರುಗಿತು. ಬಿಳಿಯ ಸೊಂಟ.

"ಅಗೋ" ಎಂದೆ. ಅದು ಒಂದು ಸುತ್ತು ಹಾಕಿ, ಬಂದು ತಂತಿಯ ಮೇಲೆ ತನ್ನ ಜಾಗದಲ್ಲಿ ಕೂತಿತು.

ಇವರು ದುರ್ಬೀನು ಎತ್ತಿದರು. "ಏನೂ ಕಾಣ್ತಿಲ್ಲ ಕಣೆ, ಗ್ಲಾಸ್ ಮಂಜಾಗದೆ" ಎಂದರು. ಸೆರಗಿನಿಂದ ಗ್ಲಾಸು ಒರೆಸಿಕೊಟ್ಟೆ. ಆಗಲೂ ಮಂಜು ಎಂದರು. ಆಮೇಲೆ ಅವರ ಕಣ್ಣು ಒರೆಸಿದೆ, ಸರಿಹೋಯಿತು.

ಬಹಳ ಹೊತ್ತು ನೋಡಿದರು. ಆಮೇಲೆ ದುರ್ಬೀನು ಇಳಿಸದೆಯೇ, "ನೀನ್ ಹೇಳಿದ್ದೇ ಸರಿ. ಕಾಲ್ಚೀಲ ಅದೆ" ಎಂದರು.

"ಏನಂದ್ರಿ?"

"ನೀನ್ ಹೇಳಿದ್ದೇ ಸರಿ ಅಂದೆ."

"ಕಿವೀಲಿ ಹತ್ತಿ ಇರೋದು ನಿಮ್ಗೆ, ನಂಗಲ್ಲ. ಆದ್ರೂ ಇನ್ನೊಂದ್ ಸಲ ಹೇಳಿ, ಎಲ್ರಿಗೂ ಕೇಳ್ಲಿ" ಎಂದೆ. ಮದುವೆಯಾದಂದಿನಿಂದ ಕಾದ ಮಾತು, ಒಂದೇ ಸಲಕ್ಕೆ ಬಿಡಲು ನನಗೆ ಮನಸ್ಸಾಗಲಿಲ್ಲ. ಇವರು ಗಟ್ಟಿಯಾಗಿ ಹೇಳಿದರು. ಪುರೋಹಿತರು, "ನಾನು ಸಾಕ್ಷಿ ತಾಯಿ" ಎಂದರು.

ಜನರೆಲ್ಲ ನಕ್ಕರು. ಆ ನಗುವಿನಲ್ಲೇ ಇವರ ಕಣ್ಣು ಟ್ರೈಲರಿನ ಅಂಚಿನಲ್ಲಿದ್ದ ಸೇವಂತಿಗೆ ಹಾರದ ಮೇಲೆ ಬಿತ್ತು. "ಇದ್ಯಾರಿಗೆ ತಂದಿದ್ದು?" ಎಂದು ಕೇಳಿದರು. ಹೂವಿನವಳು ನೆಲ ನೋಡಿದಳು. ಉಳಿದವರೆಲ್ಲ ಆಕಾಶ ನೋಡಿದರು.

"ನಿಮ್ಗೇ ತಂದಿದ್ದು" ಎಂದೆ ನಾನು.

ಇವರು ಹಾರವನ್ನು ಕೈಗೆ ತೆಗೆದುಕೊಂಡು ಪುರೋಹಿತರ ಕಡೆ ತಿರುಗಿದರು. "ಸ್ವಾಮಿ, ಇದನ್ನ ಇವ್ಳಿಗ್ ಹಾಕ್ಬೌದಾ?"

ಪುರೋಹಿತರು ಗಡ್ಡ ಕೆರೆದುಕೊಂಡು ಯೋಚಿಸಿದರು. "ಯಾರಿಗೆ ತಂದರೋ ಅವರೇ ಎದ್ದು ಕೂತು ಕೇಳುತ್ತಿದ್ದಾರೆ ಎಂದ ಮೇಲೆ ದೋಷ ಎಲ್ಲಿಂದ ಬಂತು? ಹಾಕಿ" ಎಂದರು.

ನಾನು ಟ್ರೈಲರಿನ ಹತ್ತಿರ ಹೋಗಿ ಬಗ್ಗಿದೆ. ಇವರು ಎರಡೂ ಕೈಯಲ್ಲಿ ಹಾರ ಹಿಡಿದು ಮೇಲೆತ್ತಿದರು. ಅದೇ ಹೊತ್ತಿಗೆ ಆ ಹಕ್ಕಿ ತಂತಿಯಿಂದ ಎದ್ದಿತು. ನಾಗಮಂಗಲದ ಗೆಳೆಯರು ಇವರ ಭುಜ ಹಿಡಿದು ಅಲ್ಲಾಡಿಸಿದರು.

"ಲೇ, ಹಾರ್ತು ಕಣ್ಲಾ, ಮ್ಯಾಲೆ ನೋಡು. ಓಯ್ತದೆ, ನೋಡ್ಲಾ."

ಇವರು ಮೇಲೆ ನೋಡಲಿಲ್ಲ. ನನ್ನ ಮುಖದ ಮೇಲಿಂದ ಕಣ್ಣು ಕೀಳಲೇ ಇಲ್ಲ.

"ವಸಿ ತಡಿಯಪ್ಪ" ಎಂದರು. "ಓದ್ ಸಲ ಮ್ಯಾಲ್ ನೋಡಿ ಇವ್ಳ ಸೋದರಮಾವನಿಗ್ ಹಾಕ್ಬುಟ್ಟಿದ್ದೆ."